‘ಪ್ರಿಫರ್’ ಎಂದರೆ ಇಷ್ಟಪಡುವುದು ಮಾತ್ರವೇ? ಅದರ ಪಕ್ಕದಲ್ಲಿ ‘ದ್ಯಾನ್’ ಏಕೆ ಬರುವುದಿಲ್ಲ?

ಇಂಗ್ಲಿಷ್ ಶಿಕ್ಷಕಿ, ಮಂಡ್ಯ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ನನಗೆ ಕಳೆದ ವಾರ ತರಗತಿಯಲ್ಲಿ ಎದುರಾದ ಪ್ರಶ್ನೆಯೊಂದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ‘ಪ್ರಿಫರ್’ ಎಂಬ ಕ್ರಿಯಾಪದವನ್ನು ಬಳಸಿ ಸ್ವಂತ ವಾಕ್ಯ ಬರೆಯಿರಿ ಎಂದು ಹೇಳಿದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಐ ಪ್ರಿಫರ್ ಮುದ್ದೆ ದ್ಯಾನ್ ರೈಸ್’ ಎಂದು ಬರೆದಿದ್ದಳು. ನಾನು ‘ದ್ಯಾನ್’ ಹೊಡೆದುಹಾಕಿ ‘ಟು’ ಎಂದು ತಿದ್ದಿದೆ. ಅವಳು ನೋಟ್‌ಬುಕ್ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದು, ‘ಮೇಡಂ, ಅನ್ನಕ್ಕಿಂತ ಮುದ್ದೆ ಇಷ್ಟ ಅಂತ ತಾನೇ ಇದರ ಅರ್ಥ? ಗಿಂತ ಅಂದರೆ ದ್ಯಾನ್ ಅಂತ ಹೋದ ವರ್ಷ ನೀವೇ ಹೇಳಿಕೊಟ್ಟಿದ್ದಿರಿ’ ಎಂದಳು.

ಅವಳು ಹೇಳಿದ್ದು ನಿಜ. ‘ರಾಮನಿಗಿಂತ ಭೀಮ ಎತ್ತರ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ದ್ಯಾನ್’ ಬರುತ್ತದೆ ಎಂದು ಹೇಳಿಕೊಟ್ಟವಳು ನಾನೇ. ‘ಇದೊಂದು ನಿಯಮ, ನೆನಪಿಟ್ಟುಕೊ’ ಎಂದು ಹೇಳಿ ಕಳುಹಿಸಿದೆನಾದರೂ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಇಷ್ಟು ಸರಿಯಾಗಿ ಯೋಚಿಸಿದ ಮಗುವಿಗೆ ನಿಯಮದ ಹಿಂದಿರುವ ಕಾರಣವನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಇನ್ನೊಂದು ಮಾತು: ಮಕ್ಕಳಿಗೆ ಈ ಪದದ ಅರ್ಥವನ್ನು ‘ಇಷ್ಟಪಡು’ ಎಂದು ಬರೆಸುತ್ತಿದ್ದೇವೆ. ‘ಲೈಕ್’ ಎಂಬುದಕ್ಕೂ ಅದೇ ಅರ್ಥ ಬರೆಸುತ್ತೇವೆ. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು?

ನಿವೃತ್ತ ಉಪನ್ಯಾಸಕ, ಮೈಸೂರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಸ್ವಲ್ಪ ದೀರ್ಘವಾದರೂ ಮೂಲದಿಂದಲೇ ಹೇಳುತ್ತೇನೆ.

‘ಪ್ರಿಫರ್’ ಲ್ಯಾಟಿನ್ ಭಾಷೆಯ ‘ಪ್ರೇಫೆರ್ರೆ’ ಎಂಬ ಕ್ರಿಯಾಪದದಿಂದ ಹೊರಟು, ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದ ಪದ. ‘ಪ್ರೇ’ ಎಂದರೆ ಮುಂದೆ; ‘ಫೆರ್ರೆ’ ಎಂದರೆ ಹೊರುವುದು, ಒಯ್ಯುವುದು. ನಾವು ‘ಭಾರ’, ‘ವೆಚ್ಚ ಭರಿಸು’ ಎನ್ನುವಾಗ ಬಳಸುವ ಸಂಸ್ಕೃತದ ‘ಭೃ’ ಧಾತುವೂ ಈ ‘ಫೆರ್ರೆ’ಯೂ ಒಂದೇ ಮೂಲದಿಂದ ಬಂದವು. ರೆಫರ್, ಟ್ರಾನ್ಸ್‌ಫರ್, ಆಫರ್, ಸಫರ್ ಎಂಬ ಪದಗಳಲ್ಲಿಯೂ ಇದೇ ‘ಹೊರುವ’ ಕ್ರಿಯೆ ಅಡಗಿದೆ. ಆದ್ದರಿಂದ ‘ಪ್ರಿಫರ್’ ಎಂಬುದು ಹುಟ್ಟಿನಿಂದ ಮನಸ್ಸಿನ ಭಾವವನ್ನು ಹೇಳುವ ಪದವಲ್ಲ, ಕೈಯ ಕೆಲಸವನ್ನು ಹೇಳುವ ಪದ. ಎರಡು ವಸ್ತುಗಳಿರುವಾಗ ಒಂದನ್ನು ಎತ್ತಿ ಇನ್ನೊಂದಕ್ಕೆ ಮುಂದಾಗಿ ಇಡುವುದು ಎಂಬುದೇ ಅದರ ಮೂಲಾರ್ಥ.

‘ಇನ್ನೊಂದಕ್ಕೆ ಮುಂದಾಗಿ’ ಎಂಬಲ್ಲಿ ನಿಮ್ಮ ಉತ್ತರವಿದೆ. ಲ್ಯಾಟಿನ್ ವಾಕ್ಯದಲ್ಲಿ ಮುಂದಿಟ್ಟ ವಸ್ತು ದ್ವಿತೀಯಾ ವಿಭಕ್ತಿಯಲ್ಲಿಯೂ ಹಿಂದುಳಿದ ವಸ್ತು ಚತುರ್ಥೀ ವಿಭಕ್ತಿಯಲ್ಲಿಯೂ ಬರುತ್ತಿದ್ದವು. ಆ ಚತುರ್ಥಿಯ ಕೆಲಸವನ್ನು ಇಂಗ್ಲಿಷಿನಲ್ಲಿ ‘ಟು’ ಮಾಡುತ್ತದೆ. ‘ದ್ಯಾನ್’ ಬರಬೇಕಾದರೆ ವಾಕ್ಯದಲ್ಲಿ ‘ಟಾಲರ್’, ‘ಬೆಟರ್’, ‘ಮೋರ್’, ‘ರಾದರ್’ ಎಂಬಂತಹ ತರತಮ ರೂಪವೊಂದು ಕಾಣಿಸಿಕೊಳ್ಳಬೇಕು. ‘ಪ್ರಿಫರ್’ ಎಂಬಲ್ಲಿ ಅಂತಹ ರೂಪವಿಲ್ಲ. ಹೋಲಿಕೆ ಕ್ರಿಯಾಪದದ ಹೊಟ್ಟೆಯೊಳಗೇ ಇದೆ. ಅದೇ ಕಾರಣಕ್ಕೆ ‘ಮೋರ್ ಪ್ರಿಫರಬಲ್’ ಎನ್ನುವುದೂ ತಪ್ಪಾಗುತ್ತದೆ.

ಈಗ ಕನ್ನಡದ ಕಡೆಗೆ ಬನ್ನಿ. ‘ಅನ್ನಕ್ಕಿಂತ’ ಎಂಬ ಪದವನ್ನು ನಿಧಾನವಾಗಿ ಉಚ್ಚರಿಸಿ ನೋಡಿ. ಅದರೊಳಗೆ ‘ಅನ್ನಕ್ಕೆ’ ಎಂಬುದು ಹಾಗೆಯೇ ಕೇಳಿಸುತ್ತದೆ. ‘ನನಗಿಂತ’ ಎಂಬಲ್ಲಿ ‘ನನಗೆ’ ಇದೆ. ‘ಅದಕ್ಕಿಂತ’ ಎಂಬಲ್ಲಿ ‘ಅದಕ್ಕೆ’ ಇದೆ. ‘ನನ್ನಿಂತ’, ‘ಅನ್ನದಿಂತ’ ಎಂದು ಯಾರೂ ಹೇಳುವುದಿಲ್ಲ. ಅಂದರೆ ನಮ್ಮ ಹೋಲಿಕೆಯ ಪ್ರತ್ಯಯವೂ ಚತುರ್ಥಿಯ ಮೇಲೆಯೇ ನಿಂತಿದೆ. ನಿಮ್ಮ ವಿದ್ಯಾರ್ಥಿನಿ ‘ಗಿಂತ’ವನ್ನು ಹಿಡಿದು ‘ದ್ಯಾನ್’ ಬರೆದಳು. ಅದರೊಳಗಿರುವ ‘ಕ್ಕೆ’ಯನ್ನು ಹಿಡಿದಿದ್ದರೆ ‘ಟು’ ಎಂಬುದು ತಾನಾಗಿಯೇ ಬರುತ್ತಿತ್ತು. ಇದನ್ನು ಅವಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ, ಖಂಡಿತ ಮರೆಯುವುದಿಲ್ಲ.

‘ಲೈಕ್’ ವಿಷಯ ಇಷ್ಟೇ: ಮೆಚ್ಚಲು ಒಂದು ವಸ್ತು ಸಾಕು, ಮುಂದಿಡಲು ಎರಡಾದರೂ ಬೇಕು.

ಕಬ್ಬು ಬೆಳೆಗಾರ, ಮದ್ದೂರು ಕಡೆ

ಮೇಷ್ಟರೇ, ತಮ್ಮ ವಿವರಣೆ ಓದಿ ಸಂತೋಷವಾಯಿತು. ಪದವಿಯವರೆಗೆ ಓದಿಯೂ ನನಗೆ ಇದು ತಿಳಿದಿರಲಿಲ್ಲ. ನನ್ನದೊಂದು ಅನುಮಾನವಿದೆ. ವಸ್ತುಗಳಿಗಾದರೆ ‘ಟು’ ಸರಿ. ಆದರೆ ನಮ್ಮ ಕಡೆ ದಿನವೂ ಆಡುವ ಮಾತೊಂದಿದೆ: ‘ಕಾರ್ಖಾನೆಗೆ ಕಬ್ಬು ಕೊಟ್ಟು ಹಣಕ್ಕೆ ಕಾಯೋದಕ್ಕಿಂತ ಆಲೆಮನೆಗೆ ಕೊಡೋದೇ ವಾಸಿ.’ ಇಲ್ಲಿ ಹೋಲಿಸುತ್ತಿರುವುದು ಎರಡು ಕೆಲಸಗಳನ್ನು. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗಲೂ ‘ಟು’ ಬರುತ್ತದೆಯೇ? ‘ಪ್ರಿಫರ್ ಟು ಗಿವ್ ಟು ವೇಟ್’ ಎಂದರೆ ಕಿವಿಗೆ ಹಿತವಾಗುವುದಿಲ್ಲ.

ಜೊತೆಗೆ, ‘ವಾಸಿ’ ಎಂಬ ನಮ್ಮ ಪದದ ಬಗ್ಗೆಯೂ ಒಂದು ಮಾತು. ಅದನ್ನು ‘ಇಷ್ಟ’ ಎಂದು ತಿರುಗಿಸಿದರೆ ಅರ್ಥ ಕೆಡುತ್ತದೆ. ‘ಬರಿಗೈಗಿಂತ ಹಿತ್ತಾಳೆ ಕಡಗ ವಾಸಿ’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹಿತ್ತಾಳೆಯ ಕಡಗದ ಮೇಲೆ ಅವರಿಗೆ ಆಸೆಯೇನೂ ಇರಲಿಲ್ಲ.

ನಿವೃತ್ತ ಉಪನ್ಯಾಸಕ, ಮೈಸೂರು

ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ಎರಡು ಕೆಲಸಗಳನ್ನು ಹೋಲಿಸುವಾಗ ದಾರಿ ಎರಡು. ಎರಡನ್ನೂ ‘ಇಂಗ್’ ರೂಪಕ್ಕೆ ತಂದು, ಅಂದರೆ ಹೆಸರುಪದದಂತೆ ಮಾಡಿ, ‘ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್’ ಎನ್ನಬಹುದು. ಕನ್ನಡದಲ್ಲಿ ‘ನಡೆಯುವುದು’, ‘ಓಡಿಸುವುದು’ ಎಂದು ಕ್ರಿಯೆಯನ್ನು ನಾಮಪದವಾಗಿಸುವಂತೆಯೇ ಇದು. ಇಲ್ಲವೇ ‘ಪ್ರಿಫರ್ ಟು ವಾಕ್ ರಾದರ್ ದ್ಯಾನ್ ಡ್ರೈವ್’ ಎನ್ನಬಹುದು. ಇಲ್ಲಿ ‘ದ್ಯಾನ್’ ಬಂದಿರುವುದು ‘ಪ್ರಿಫರ್’ ಪದದಿಂದಲ್ಲ, ‘ರಾದರ್’ ಎಂಬ ತರತಮ ರೂಪದಿಂದ ಎಂಬುದನ್ನು ಗಮನಿಸಿ. ನಮ್ಮ ಮಕ್ಕಳು ಇಂತಹ ವಾಕ್ಯಗಳನ್ನು ಎಲ್ಲೋ ಕೇಳಿ, ‘ರಾದರ್’ ಬಿಟ್ಟು ‘ದ್ಯಾನ್’ ಮಾತ್ರ ಇಟ್ಟುಕೊಳ್ಳುವುದರಿಂದಲೂ ಆ ತಪ್ಪು ಬೇರೂರಿದೆ. ನಿಮ್ಮ ಆಲೆಮನೆಯ ಮಾತಿಗೆ ಎರಡನೆಯ ದಾರಿಯೇ ಒಪ್ಪುತ್ತದೆ.

‘ವಾಸಿ’ ಕುರಿತು ನೀವು ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ‘ಪ್ರಿಫರ್’ ಪದಕ್ಕೂ ಅದೇ ಗುಣವಿದೆ. ಎರಡೂ ಬೇಡವಾದ ಸಂಗತಿಗಳಾಗಿದ್ದಾಗಲೂ ಒಂದನ್ನು ಮುಂದಿಡಬೇಕಾಗುತ್ತದೆ. ಮಂಡ್ಯದಿಂದ ಮೈಸೂರಿಗೆ ಹೊರಟವರು ‘ತುಂಬಿದ ಬಸ್ಸಿನಲ್ಲಿ ನಿಲ್ಲುವುದಕ್ಕಿಂತ ರೈಲಿಗೆ ಕಾಯುವುದೇ ವಾಸಿ’ ಎಂದರೆ, ಕಾಯುವುದು ಅವರಿಗೆ ಇಷ್ಟವೆಂದು ಯಾರೂ ತಿಳಿಯುವುದಿಲ್ಲ. ಹೀಗಾಗಿ ‘ಪ್ರಿಫರ್’ ಪದಕ್ಕೆ ‘ಇಷ್ಟಪಡು’ ಎಂಬ ಒಂದೇ ಅರ್ಥ ಬರೆಸುವುದು ಸಾಲದು.

ವಕೀಲೆ, ಮೈಸೂರು

ಈ ಚರ್ಚೆಯನ್ನು ಓದುತ್ತಾ ನನ್ನ ವೃತ್ತಿಯಲ್ಲಿ ಕಂಡ ಒಂದು ಸಂಗತಿಯನ್ನು ಹೇಳಲೇಬೇಕೆನಿಸಿತು. ಕೆಲವು ತಿಂಗಳ ಹಿಂದೆ ಕಕ್ಷಿದಾರರೊಬ್ಬರು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದ ಕಾಗದವೊಂದನ್ನು ತಂದಿದ್ದರು. ಅದರಲ್ಲಿ ‘ಎದುರುದಾರರು ಮೇಲ್ಮನವಿಯನ್ನು ಇಷ್ಟಪಟ್ಟಿದ್ದಾರೆ’ ಎಂದಿತ್ತು. ಎದುರಿನವರು ರಾಜಿಗೆ ಒಪ್ಪಿದ್ದಾರೆಂದು ಆ ಹಿರಿಯರು ತಿಳಿದುಕೊಂಡಿದ್ದರು. ಮೂಲದಲ್ಲಿದ್ದುದು ‘ಪ್ರಿಫರ್ಡ್ ಆ್ಯನ್ ಅಪೀಲ್’, ಅಂದರೆ ಮೇಲ್ಮನವಿ ಸಲ್ಲಿಸಿದ್ದಾರೆ ಎಂದು. ಅವರಿಗೆ ನಿಜ ಸಂಗತಿಯನ್ನು ತಿಳಿಸುವಾಗ ನನಗೆ ಬಹಳ ಸಂಕಟವಾಯಿತು.

ನ್ಯಾಯಾಲಯದ ಇಂಗ್ಲಿಷಿನಲ್ಲಿ ಈ ಬಳಕೆ ಇಂದಿಗೂ ಜೀವಂತವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ ಮೊದಲನೆಯ ನಿಯಮವು ಪ್ರತಿಯೊಂದು ಮೇಲ್ಮನವಿಯನ್ನೂ ಜ್ಞಾಪನದ ರೂಪದಲ್ಲಿ ‘ಪ್ರಿಫರ್’ ಮಾಡಬೇಕೆಂದು ಹೇಳುತ್ತದೆ. 1963ರ ಕಾಲಮಿತಿ ಅಧಿನಿಯಮದ 3ನೆಯ ಪ್ರಕರಣವು ದಾವೆ, ಮೇಲ್ಮನವಿ, ಅರ್ಜಿ ಈ ಮೂರಕ್ಕೂ ಮೂರು ಬೇರೆ ಕ್ರಿಯಾಪದಗಳನ್ನು ಬಳಸುತ್ತದೆ. ಮೇಲ್ಮನವಿಯ ಪಾಲಿಗೆ ಬಂದಿರುವುದು ‘ಪ್ರಿಫರ್’. ಯಾರ ಮೇಲಾದರೂ ಆರೋಪ ಹೊರಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದವಿದೆ. ಮೇಷ್ಟರು ಹೇಳಿದ ‘ಮುಂದೆ ಒಯ್ಯುವುದು’ ಎಂಬ ಮೂಲಾರ್ಥವನ್ನು ಇಟ್ಟುಕೊಂಡು ನೋಡಿದರೆ ಇದೇನೂ ವಿಚಿತ್ರವಲ್ಲ: ಮನವಿಯನ್ನು ನ್ಯಾಯಾಧೀಶರ ಮುಂದೆ ಒಯ್ದು ಇಡುತ್ತೇವೆ. ಇಷ್ಟು ವರ್ಷ ಈ ಪದವನ್ನು ಬರೆಯುತ್ತಿದ್ದರೂ ಈ ಸಂಬಂಧ ನನಗೆ ಹೊಳೆದಿರಲಿಲ್ಲ.

ಕಂಪನಿ ಕಾನೂನಿನ ‘ಪ್ರಿಫರೆನ್ಸ್ ಷೇರು’ ಕೂಡ ಹೀಗೆಯೇ. ಅದನ್ನು ಕನ್ನಡದಲ್ಲಿ ಆದ್ಯತಾ ಷೇರು ಎನ್ನುತ್ತೇವೆ. ಲಾಭಾಂಶ ಹಂಚುವಾಗಲೂ, ಕಂಪನಿ ಮುಚ್ಚಿ ಬಂಡವಾಳ ಹಿಂತಿರುಗಿಸುವಾಗಲೂ ಆ ಷೇರುದಾರರು ಸಾಮಾನ್ಯ ಷೇರುದಾರರಿಗೆ ಮುಂದೆ ನಿಲ್ಲುತ್ತಾರೆ. ಅಲ್ಲಿ ಯಾರ ಇಷ್ಟವೂ ಇಲ್ಲ, ಸಾಲಿನಲ್ಲಿ ಸ್ಥಾನ ಮಾತ್ರ ಇದೆ.

ಅನುವಾದಕಿ, ಮೈಸೂರು

ವಕೀಲರು ‘ಆದ್ಯತೆ’ ಎಂಬ ಪದವನ್ನು ತಂದದ್ದು ಒಳ್ಳೆಯದಾಯಿತು. ಈ ಪದದ ಬಗ್ಗೆ ನನ್ನದೊಂದು ಹಳೆಯ ಕೊರಗಿದೆ. ‘ಆದ್ಯ’ ಎಂದರೆ ಮೊದಲನೆಯದು. ಆದ್ದರಿಂದ ‘ಆದ್ಯತೆ’ ಎಂಬುದು ಮೊದಲ ಸ್ಥಾನ. ಇಂಗ್ಲಿಷಿನ ‘ಪ್ರಯಾರಿಟಿ’ ಮತ್ತು ‘ಪ್ರಿಫರೆನ್ಸ್’ ಎರಡಕ್ಕೂ ನಾವು ಇದೊಂದೇ ಪದವನ್ನು ಬಳಸುತ್ತೇವೆ. ‘ಕುಡಿಯುವ ನೀರಿಗೆ ಆದ್ಯತೆ’ ಎಂಬಲ್ಲಿ ತುರ್ತು ಇದೆ. ‘ಅನುಭವವುಳ್ಳವರಿಗೆ ಆದ್ಯತೆ’ ಎಂಬಲ್ಲಿ ಇರುವುದು ಬೇರೆಯೇ: ಅನುಭವವಿಲ್ಲದವರೂ ಅರ್ಜಿ ಹಾಕಬಹುದು, ಆದರೆ ಇಬ್ಬರೂ ಎದುರಿಗಿದ್ದರೆ ಅನುಭವಿಯನ್ನು ಮುಂದಿಡುತ್ತೇವೆ ಎಂಬ ಸೂಚನೆ. ಇದನ್ನು ‘ಕಡ್ಡಾಯ’ ಎಂದು ಓದಿಕೊಂಡು ಅರ್ಜಿಯನ್ನೇ ಹಾಕದೆ ಸುಮ್ಮನಾದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಆದ್ದರಿಂದ ಜಾಹೀರಾತು ಅನುವಾದಿಸುವಾಗ ನಾನು ‘ಅನುಭವವುಳ್ಳವರಿಗೆ ಆದ್ಯತೆ ಇರುತ್ತದೆ, ಇಲ್ಲದವರೂ ಅರ್ಜಿ ಸಲ್ಲಿಸಬಹುದು’ ಎಂದು ಬಿಡಿಸಿ ಬರೆಯುತ್ತೇನೆ. ಮೂಲದಲ್ಲಿ ಒಂದು ಪದವಿದ್ದರೆ ಅನುವಾದದಲ್ಲಿಯೂ ಒಂದೇ ಪದವಿರಬೇಕೆಂಬ ಹಟ ನನಗಿಲ್ಲ.

ಮನಸ್ಸಿನ ಭಾವವನ್ನು ಹೇಳಬೇಕಾದಾಗ ನನಗೆ ‘ಒಲವು’ ಎಂಬ ಪದ ಹೆಚ್ಚು ಪ್ರಿಯ. ‘ಓದುಗರ ಆದ್ಯತೆ ಸಣ್ಣಕತೆ’ ಎಂದರೆ ಕಚೇರಿಯ ಸುತ್ತೋಲೆಯಂತೆ ಕೇಳಿಸುತ್ತದೆ. ‘ಓದುಗರ ಒಲವು ಸಣ್ಣಕತೆಯ ಕಡೆಗೆ’ ಎಂದರೆ ಮನುಷ್ಯರು ಕಾಣಿಸುತ್ತಾರೆ. ‘ಹಿಡಿಸು’ ಎಂಬ ಕ್ರಿಯಾಪದವೂ ಸೊಗಸಾದದ್ದು, ಆದರೆ ಅದು ‘ಲೈಕ್’ ಪದಕ್ಕೆ ಹೆಚ್ಚು ಹತ್ತಿರ.

ಇಂಗ್ಲಿಷ್ ಶಿಕ್ಷಕಿ, ಮಂಡ್ಯ ತಾಲ್ಲೂಕು

‘ಪ್ರಾಶಸ್ತ್ಯ’ ಎಂಬ ಇನ್ನೊಂದು ಪದವನ್ನು ಸೇರಿಸಲು ಅನುಮತಿ ಕೊಡಿ. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರದ ಮತದಾರಳಾದ ನನಗೆ ಇದು ಚೆನ್ನಾಗಿ ಪರಿಚಿತ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಜಿಲ್ಲೆಗಳ ಶಿಕ್ಷಕರು ಅಲ್ಲಿ ಮತ ಹಾಕುವಾಗ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. ಪತ್ರಿಕೆಗಳು ಇದನ್ನು ‘ಪ್ರಥಮ ಪ್ರಾಶಸ್ತ್ಯದ ಮತ’, ‘ದ್ವಿತೀಯ ಪ್ರಾಶಸ್ತ್ಯದ ಮತ’ ಎಂದು ಕರೆಯುತ್ತವೆ. 1 ಎಂಬ ಅಂಕಿ ಇಲ್ಲದಿದ್ದರೆ ಮತವೇ ಅಸಿಂಧುವಾಗುತ್ತದೆ. 2 ಬರೆಯುವುದು ಬಿಡುವುದು ನಮಗೆ ಬಿಟ್ಟದ್ದು. ಮೊದಲ ಎಣಿಕೆಯಲ್ಲಿ ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ, ಅತಿ ಕಡಿಮೆ ಪಡೆದವರನ್ನು ಕೈಬಿಟ್ಟು ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಎಣಿಸುತ್ತಾರೆ.

ನಾನು 2 ಎಂದು ಬರೆದ ಅಭ್ಯರ್ಥಿ ನನಗೆ ಇಷ್ಟವೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಮೂರನೆಯವರಿಗಿಂತ ಅವರು ಮುಂದಿರಲಿ ಎಂಬುದಷ್ಟೇ ನನ್ನ ಅಭಿಪ್ರಾಯ. ಮೇಷ್ಟರು ಹೇಳಿದ ‘ಮುಂದಿಡುವ’ ಅರ್ಥ ನನಗೆ ಪೂರ್ತಿಯಾಗಿ ಮನದಟ್ಟಾದದ್ದು ಈ ಮತಪತ್ರವನ್ನು ನೆನಪಿಸಿಕೊಂಡಾಗ.

ದ್ವಿತೀಯ ಪಿಯುಸಿ ವಿದ್ಯಾರ್ಥಿ, ಮೈಸೂರು

ಹಿರಿಯರೆಲ್ಲರಿಗೂ ನಮಸ್ಕಾರ. ನನಗೆ ಎರಡು ಸಂದೇಹಗಳಿವೆ. ‘ಪ್ರಿಫರ್ಡ್’ ಬರೆಯುವಾಗ ‘ಆರ್’ ಅಕ್ಷರ ಎರಡು ಬಾರಿ, ‘ಪ್ರಿಫರೆನ್ಸ್’ ಬರೆಯುವಾಗ ಒಂದೇ ಬಾರಿ ಬರುತ್ತದೆ. ಇದಕ್ಕೆ ಕಾರಣವಿದೆಯೇ? ಎರಡನೆಯದು, ‘ಐ ಆಮ್ ಪ್ರಿಫರಿಂಗ್’ ಎಂದು ಬರೆದಾಗ ನಮ್ಮ ಮೇಷ್ಟರು ಅಂಕ ಕಳೆದರು. ‘ಇಷ್ಟಪಡುತ್ತಿದ್ದೇನೆ’ ಎಂದು ಕನ್ನಡದಲ್ಲಿ ಹೇಳುತ್ತೇವಲ್ಲವೇ?

ನಿವೃತ್ತ ಉಪನ್ಯಾಸಕ, ಮೈಸೂರು

ಕಾರಣವಿದೆಯಪ್ಪ. ಪದದ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಕೇಳಿಸಿಕೊ. ‘ಪ್ರಿಫರ್’, ‘ಪ್ರಿಫರ್ಡ್’, ‘ಪ್ರಿಫರಿಂಗ್’ ಎನ್ನುವಾಗ ಒತ್ತು ‘ಫರ್’ ಮೇಲಿದೆ. ಒತ್ತು ಬಿದ್ದ ಕೊನೆಯ ‘ಆರ್’ ಇಮ್ಮಡಿಯಾಗುತ್ತದೆ. ‘ಪ್ರೆಫರೆನ್ಸ್’, ‘ಪ್ರೆಫರಬಲ್’ ಎನ್ನುವಾಗ ಒತ್ತು ಮೊದಲ ಅಕ್ಷರಕ್ಕೆ ಜಾರುತ್ತದೆ, ಆದ್ದರಿಂದ ಒಂದೇ ‘ಆರ್’. ‘ರೆಫರ್’ ಪದಕ್ಕೂ ಹೀಗೆಯೇ. ‘ಆಫರ್’ ಪದದಲ್ಲಿ ಒತ್ತು ಮೊದಲಿನಿಂದಲೂ ಮುಂದೆಯೇ ಇರುವುದರಿಂದ ‘ಆಫರ್ಡ್’ ಎಂಬಲ್ಲಿ ‘ಆರ್’ ಇಮ್ಮಡಿಯಾಗುವುದಿಲ್ಲ. ಕನ್ನಡದಲ್ಲಿ ಒತ್ತಿನಿಂದ ಪದದ ರೂಪ ಬದಲಾಗದ ಕಾರಣ ನಮ್ಮ ಕಿವಿ ಇದನ್ನು ಗಮನಿಸುವುದಿಲ್ಲ.

ಎರಡನೆಯ ಸಂದೇಹಕ್ಕೆ: ‘ಪ್ರಿಫರ್’ ಈ ಕ್ಷಣ ನಡೆಯುತ್ತಿರುವ ಕೆಲಸವಲ್ಲ, ನೆಲೆನಿಂತ ಸ್ಥಿತಿ. ಹಾಗಾಗಿ ಅದನ್ನು ಸಾಮಾನ್ಯವಾಗಿ ‘ಇಂಗ್’ ಸೇರಿಸಿ ನಡೆಯುತ್ತಿರುವ ಕ್ರಿಯೆಯಂತೆ ಹೇಳುವುದಿಲ್ಲ. ‘ನನಗೆ ಕಾಫಿ ಇಷ್ಟ’ ಎಂಬ ನಮ್ಮ ವಾಕ್ಯವನ್ನು ನೋಡು, ಅದರಲ್ಲಿ ಕ್ರಿಯಾಪದವೇ ಇಲ್ಲ. ಕಾಲವನ್ನು ಸೂಚಿಸುವ ಅಗತ್ಯವೇ ಇಲ್ಲದಷ್ಟು ಸ್ಥಿರವಾದ ಸಂಗತಿ ಅದು.

ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಎಲ್ಲರ ಮಾತಿಗೂ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನನ್ನ ಕಚೇರಿಯಲ್ಲಿ ಹತ್ತಾರು ಜನ ‘ಪ್ರಿಫರ್ ದಿಸ್ ದ್ಯಾನ್ ದಟ್’ ಎಂದೇ ಮಾತನಾಡುತ್ತಾರೆ. ಯಾರಿಗೂ ಅರ್ಥವಾಗದೇ ಹೋಗಿಲ್ಲ. ಇಂಗ್ಲಿಷ್ ಈಗ ನಮ್ಮ ನೆಲದ ಭಾಷೆಯೂ ಹೌದು. ಕನ್ನಡದ ಜಾಡು ಅದರಲ್ಲಿ ಕಾಣಿಸಿಕೊಂಡರೆ ಅದನ್ನು ತಪ್ಪೆಂದು ಏಕೆ ಹೊಡೆದುಹಾಕಬೇಕು? ಆ ಹುಡುಗಿಯ ತರ್ಕ ಸರಿಯಾಗಿಯೇ ಇತ್ತಲ್ಲ.

ಇಂಗ್ಲಿಷ್ ಶಿಕ್ಷಕಿ, ಮಂಡ್ಯ ತಾಲ್ಲೂಕು

ಅವಳ ತರ್ಕ ಸರಿಯಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ, ಆ ಕಾರಣಕ್ಕಾಗಿಯೇ ಇಲ್ಲಿ ಕೇಳಿದೆ. ಮಾತಿನಲ್ಲಿ ಯಾರಾದರೂ ‘ದ್ಯಾನ್’ ಎಂದರೆ ನಾನು ತಡೆದು ತಿದ್ದುವವಳಲ್ಲ. ಆದರೆ ನನ್ನ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ನಾಳೆ ಸಂದರ್ಶನಕ್ಕೆ ಹೋಗುತ್ತಾರೆ. ಆ ಬಾಗಿಲುಗಳಲ್ಲಿ ಕುಳಿತವರು ಅವರ ತರ್ಕವನ್ನು ಕೇಳುವುದಿಲ್ಲ, ವಾಕ್ಯವನ್ನು ಮಾತ್ರ ನೋಡುತ್ತಾರೆ. ನಿಮ್ಮ ಕಚೇರಿಯೊಳಗೆ ಕುಳಿತವರಿಗೆ ಇರುವ ಸ್ವಾತಂತ್ರ್ಯ ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಗೆ ಇನ್ನೂ ದೊರೆತಿಲ್ಲ. ಹೀಗಾಗಿ ನಾನು ತಿದ್ದುತ್ತೇನೆ, ಆದರೆ ಇನ್ನು ಮುಂದೆ ಕಾರಣ ಹೇಳಿ ತಿದ್ದುತ್ತೇನೆ.

ಅನುವಾದಕಿ, ಮೈಸೂರು

‘ವುಡ್ ಪ್ರಿಫರ್’ ಎಂಬ ರೂಪದ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ‘ಪ್ರಿಫರ್’ ಎಂದರೆ ಯಾವಾಗಲೂ ಇರುವ ಒಲವು. ‘ವುಡ್ ಪ್ರಿಫರ್’ ಎಂದರೆ ಈ ಒಂದು ಸಂದರ್ಭದಲ್ಲಿ ವಿನಯದಿಂದ ತಿಳಿಸುವ ಅಪೇಕ್ಷೆ. ‘ಐ ವುಡ್ ಪ್ರಿಫರ್ ಇಟ್ ಇಫ್ ಯು ಕೇಮ್ ಟುಮಾರೋ’ ಎಂಬ ವಾಕ್ಯ ನೋಡಿದ ಮಕ್ಕಳು ‘ನಾಳೆಯ ಮಾತಿಗೆ ಭೂತಕಾಲದ ಕೇಮ್ ಏಕೆ?’ ಎಂದು ಕೇಳುತ್ತಾರೆ. ಅವರಿಗೆ ‘ನೀವು ನಾಳೆ ಬಂದರೆ ಒಳ್ಳೆಯದಿತ್ತು’ ಎಂಬ ನಮ್ಮ ವಾಕ್ಯವನ್ನೇ ತೋರಿಸಬಹುದು. ‘ಬಂದರೆ’ ಎಂಬುದರಲ್ಲಿಯೂ ‘ಬಂದ’ ಎಂಬ ಭೂತಕಾಲದ ರೂಪವೇ ಇದೆ, ಆದರೂ ನಾವು ಹೇಳುತ್ತಿರುವುದು ನಾಳೆಯ ವಿಷಯವನ್ನು. ‘ಒಳ್ಳೆಯದಿತ್ತು’ ಎಂಬಲ್ಲಿಯೂ ಹಾಗೆಯೇ. ಎದುರಿಗಿರುವವರ ಮೇಲೆ ಒತ್ತಾಯ ಹೇರದಿರಲು ಎರಡು ಭಾಷೆಗಳೂ ಮಾತನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹೇಳುತ್ತವೆ.

ಕಾಫಿ ತಂದವರಿಗೆ ‘ನೀರು ಸಾಕಾಗಿತ್ತು’ ಎನ್ನುವ ನಮ್ಮ ಮನೆಗಳ ಮಾತನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಇಂಗ್ಲಿಷ್ ಶಿಕ್ಷಕಿ, ಮಂಡ್ಯ ತಾಲ್ಲೂಕು

ಇಂದು ತರಗತಿಯಲ್ಲಿ ‘ಅನ್ನಕ್ಕಿಂತ’ ಎಂದು ಹಲಗೆಯ ಮೇಲೆ ಬರೆದು, ‘ಕ್ಕೆ’ ಅಡಗಿರುವ ಭಾಗಕ್ಕೆ ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಕೆಳಗೆ ‘ಟು ರೈಸ್’ ಎಂದು ಬರೆದೆ. ಮಕ್ಕಳು ತಾವಾಗಿಯೇ ‘ನನಗಿಂತ’, ‘ಅವಳಿಗಿಂತ’, ‘ಊರಿಗಿಂತ’ ಎಂದು ಒಂದೊಂದೇ ಪದ ಹೇಳಿ ಪರೀಕ್ಷಿಸಿದರು. ಆ ಹುಡುಗಿ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಿದಳು: ‘ಮೇಡಂ, ಎರಡು ವಸ್ತು ಇರಲೇಬೇಕು ಅಂದಿರಿ. ಬರೀ ಐ ಪ್ರಿಫರ್ ಮುದ್ದೆ ಅಂತ ಬರೆದರೆ ತಪ್ಪಾಗುತ್ತಾ?’ ತಪ್ಪಲ್ಲ ಎಂದು ನನಗೆ ಗೊತ್ತು. ಆದರೆ ಎರಡನೆಯ ವಸ್ತು ಎಲ್ಲಿ ಹೋಯಿತು ಎಂಬುದನ್ನು ಅವಳಿಗೆ ಹೇಗೆ ವಿವರಿಸಲಿ?

ನಿವೃತ್ತ ಉಪನ್ಯಾಸಕ, ಮೈಸೂರು

ಅದನ್ನೂ ಕನ್ನಡದಿಂದಲೇ ತೋರಿಸಿ, ಮೇಡಂ. ಊಟಕ್ಕೆ ಕುಳಿತಾಗ ‘ಮುದ್ದೆ ಬಡಿಸಿ’ ಎನ್ನುವುದಕ್ಕೂ ‘ಮುದ್ದೆಯೇ ಬಡಿಸಿ’ ಎನ್ನುವುದಕ್ಕೂ ಏನು ವ್ಯತ್ಯಾಸ ಎಂದು ಅವಳನ್ನೇ ಕೇಳಿ. ಎರಡನೆಯ ಮಾತು ಕೇಳಿದವರಿಗೆ ಪಕ್ಕದಲ್ಲಿ ಅನ್ನದ ಪಾತ್ರೆಯೂ ಇದೆ ಎಂದು ತಿಳಿಯುತ್ತದೆ. ಅನ್ನದ ಹೆಸರನ್ನು ಯಾರೂ ಎತ್ತಿಲ್ಲ. ಆ ‘ಏ’ ಕಾರವೇ ಅದನ್ನು ಹೇಳಿದೆ. ‘ಐ ಪ್ರಿಫರ್ ಮುದ್ದೆ’ ಎಂಬಲ್ಲಿ ‘ಪ್ರಿಫರ್’ ಮಾಡುತ್ತಿರುವುದು ಆ ‘ಏ’ ಕಾರದ ಕೆಲಸವನ್ನೇ.